ಕೆಸರಿಗೆ ಇಳಿಯುವ ಮೊದಲು

ಹಾವೇರಿ
12 ಜುಲೈ 1991

ಮಾವನವರಿಗೆ ನಲಿನಿಯ ನಮಸ್ಕಾರಗಳು.

ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಅತ್ತೆಯವರ ಜೊತೆ ಪುಣೆಗೆ ಹೋದವರು ನೀವು. ಎರಡು ತಿಂಗಳಾಗುತ್ತ ಬಂತು. ಮಗಳ ಕೈಯಡುಗೆ ಉಣ್ಣುತ್ತ ಸೊಸೆಯನ್ನು ಮರೆತಿರಬೇಕು. ಇಲ್ಲಿ ಮನೆ ಭಣಭಣ ಎನ್ನುತ್ತದೆ. ಬೆಳಿಗ್ಗೆ ಎದ್ದರೆ ಜಗಳ ತೆಗೆಯುವವರಿಲ್ಲ. ಚಹಾದಲ್ಲಿ ಸಕ್ಕರೆ ಕಡಿಮೆಯಾಯಿತೆಂದು ಕಪ್ಪು-ಬಸಿ ಕುಕ್ಕುವವರಿಲ್ಲ. ನಿಮ್ಮ ಮಗ ಕೋರ್ಟಿಗೆ ಹೋಗಿ ಗುಮಾಸ್ತಿಕೆ ಮಾಡಿ ಬಂದು ಪೇಪರಿನ ಹಿಂದೆ ಮಾಯವಾಗುತ್ತಾರೆ. ಯಾವಾಗ ಬರುತ್ತೀರಿ?

ಒಂದು ವಿಷಯ ಹೇಳಬೇಕು, ಸಿಟ್ಟಾಗಬೇಡಿ. ನಿಮ್ಮ ಜೀಪು ಹೊರಗೆ ತೆಗೆದಿದ್ದೇನೆ. ದನದ ದವಾಖಾನೆಯಲ್ಲಿ ಇರುವುದೊಂದೇ ಗಾಡಿ, ಅದಕ್ಕೆ ಕೈಚಾಚುವವರು ನಾಲ್ಕು ಮಂದಿ. ಈ ಮಳೆಗಾಲ ಕರ್ಜಗಿ ಕಡೆಯ ಹಳ್ಳಿಗಳಿಗೆಲ್ಲ ಲಸಿಕೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಸ್ಸು ಊರಿನ ತನಕ ಹೋಗುತ್ತದೆ, ದನಗಳಿರುವುದು ಹೊಲದ ಮನೆಗಳಲ್ಲಿ. ಅಲ್ಲಿಗೆ ಎರೆ ಮಣ್ಣಿನ ಚಕ್ಕಡಿ ದಾರಿ. ಬರ್ಫದ ಡಬ್ಬಿಯಲ್ಲಿ ಔಷಧ ತಣ್ಣಗಿರುವಾಗಲೇ ಮುಟ್ಟಬೇಕು.

ಹೋದ ವರ್ಷ ನೀವು ನನಗೆ ಡಾಂಬರು ರಸ್ತೆಯ ಮೇಲೆ ಕಲಿಸಿದಿರಿ. ದೊಡ್ಡ ಗೇರಿನ ಪಕ್ಕದ ಆ ಎರಡು ಸಣ್ಣ ಲಿವರುಗಳನ್ನು ಮುಟ್ಟಲು ಹೋದರೆ ಮಾತ್ರ ಕೈಗೆ ಹೊಡೆಯುತ್ತಿದ್ದಿರಿ. ಈಗ ಅವುಗಳ ಕೆಲಸ ಬಿದ್ದಿದೆ. ಇವರನ್ನು ಕೇಳಿದೆ. "ನಂಗೇನು ಗೊತ್ತದ? ಅಪ್ಪಾ ಕೆಸರಾಗ ಗಾಡಿ ಹೊಡೀವಾಗ ನಾ ರಾಮನಾಮ ಹೇಳ್ಕೋತ ಕೂಡ್ತಿದ್ದೆ" ಎಂದರು. ನೀವೇ ಬರೆದು ತಿಳಿಸಬೇಕು.

ನಿಮ್ಮ
ನಲಿನಿ

ಪುಣೆ
21 ಜುಲೈ 1991

ಚಿ. ಸೌ. ನಲಿನಿಗೆ ಆಶೀರ್ವಾದ.

ಜೀಪು ತೆಗೆದದ್ದಕ್ಕೆ ಸಿಟ್ಟಿಲ್ಲ. ಕೇಳದೆ ಕೆಸರಿಗೆ ಒಯ್ದಿದ್ದರೆ ಬರುತ್ತಿತ್ತು. ಪಲ್ಟನ್ನಿನಲ್ಲಿ ಅದೆಷ್ಟೋ ಹುಡುಗರಿಗೆ ಗಾಡಿ ಕಲಿಸಿದ್ದೇನೆ, ಅಂಚೆಯಲ್ಲಿ ಯಾರಿಗೂ ಕಲಿಸಿದವನಲ್ಲ. ನೋಡೋಣ.

ಸಾದಾ ಹೊತ್ತಿನಲ್ಲಿ ಇಂಜಿನ್ನಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುತ್ತದೆ. ಎಡಗಡೆಯ ಸಣ್ಣ ಲಿವರ್ ಹಾಕಿದರೆ ಮುಂದಿನ ಆಕ್ಸಲಿಗೂ ಹೋಗುತ್ತದೆ. ಆದರೆ ಅಷ್ಟಕ್ಕೇ ಮುಂದಿನ ಚಕ್ರ ಎಳೆಯುತ್ತದೆಂದು ತಿಳಿಯಬೇಡ. ಆ ಎರಡು ಚಕ್ರಗಳ ನಟ್ಟನಡುವೆ ಅಂಗೈಯಗಲದ ಬಿಲ್ಲೆ ಇದೆ. ಅದು ಹಬ್ ಲಾಕು, ನಾನೇ ಹಾಕಿಸಿದ್ದು. ಕೆಳಗಿಳಿದು ಅದನ್ನು ಕೈಯಿಂದ ಬಲಕ್ಕೆ ತಿರುಗಿಸಬೇಕು. ಎರಡೂ ಕಡೆ ತಿರುಗಿಸಬೇಕು, ಒಂದೇ ಕಡೆ ಮಾಡಿದರೆ ಮಾಡದಂತೆಯೇ. ಸರಿಯಾಗಿ ಕೂತಾಗ ಬೆರಳಿಗೇ ತಿಳಿಯುತ್ತದೆ, ನೋಡುವ ಕಾರಣವೇ ಇಲ್ಲ.

ಬಲಗಡೆಯದು ಲೋ. ವೇಗ ಇಳಿಯುತ್ತದೆ, ಬಲ ಏರುತ್ತದೆ. ಎಡಗಡೆಯದನ್ನು ಹಾಕದೆ ಇದು ಬೀಳುವುದಿಲ್ಲ. ಗಾಡಿ ನಿಲ್ಲಿಸಿಯೇ ಹಾಕು. ಬರೀ ಹಸಿ ಮಣ್ಣಿಗೆ ಲೋ ಬೇಡ. ಆಳದ ಕೆಸರಿಗೆ, ಹಳ್ಳದ ದಂಡೆ ಹತ್ತಲಿಕ್ಕೆ ಮಾತ್ರ ಲೋ, ಎರಡನೇ ಗೇರು. ಒಮ್ಮೆ ಒಳಗೆ ಹೋದ ಮೇಲೆ ಎಕ್ಸಿಲೇಟರಿನ ಮೇಲಿನ ಕಾಲು ಅಲುಗಬಾರದು, ನಡುವೆ ಗೇರು ಬದಲಿಸಬಾರದು, ಅಂಜಿ ನಿಲ್ಲಿಸಬಾರದು.

ಇದೆಲ್ಲವನ್ನೂ ಕೆಸರಿಗೆ ಇಳಿಯುವ ಮೊದಲು ಮಾಡು. ಸಿಕ್ಕಿಬಿದ್ದ ಮೇಲೆ ಮೊಳಕಾಲುದ್ದ ರಾಡಿಯಲ್ಲಿ ಹಬ್ಬು ಹುಡುಕುವವನು ನನ್ನಿಂದ ಬಹಳ ಬೈಸಿಕೊಳ್ಳುತ್ತಿದ್ದ.

ಕಣ್ಣು ಪರವಾಗಿಲ್ಲ, ಹನಿ ಔಷಧ ನಡೆದಿದೆ. ದಸರೆಯ ಹೊತ್ತಿಗೆ ಊರಲ್ಲಿರುತ್ತೇನೆ. ಕುಸುಮಾಳ ಮನೆಯಲ್ಲಿ ಚಹಾದ ಸಕ್ಕರೆ ಸರಿಯಾಗಿರುತ್ತದೆ, ಅದಕ್ಕೇ ಕುಡಿಯಲು ಮಜಾ ಇಲ್ಲ.

ರಘೋತ್ತಮ

ಹಾವೇರಿ
10 ಆಗಸ್ಟ್ 1991

ಮಾವನವರಿಗೆ ನಮಸ್ಕಾರಗಳು.

ಗೆದ್ದೆ! ನಿಮ್ಮ ಕಾಗದವನ್ನು ಬಾಯಿಪಾಠ ಮಾಡಿಕೊಂಡು ಕರ್ಜಗಿಗೆ ಹೋದೆ. ಅಲ್ಲಿ ಮಲ್ಲೇಶಪ್ಪನೆಂಬ ರೈತನ ಹೊಲದ ಮನೆಯಲ್ಲಿ ಸುತ್ತಲಿನ ದನಗಳನ್ನೆಲ್ಲ ಕೂಡಿಸಿದ್ದರು. ಕೆಸರಿನ ಈಚೆ ದಂಡೆಯಲ್ಲೇ ಗಾಡಿ ನಿಲ್ಲಿಸಿ, ಸೆರಗು ಸಿಕ್ಕಿಸಿ, ಎರಡೂ ಹಬ್ಬು ತಿರುಗಿಸಿದೆ. ಆಚೆ ದಂಡೆಯಲ್ಲಿ ನಿಂತಿದ್ದ ಮಲ್ಲೇಶಪ್ಪ, "ಡಾಕ್ಟರ ಬಾಯಾರ, ಗಾಲಿಗೆ ಯಾಕ ಕೀಲಿ ಹಾಕಾಕತ್ತೀರಿ? ನಮ್ಮೂರಾಗ ಯಾರೂ ಕದಿಯೂದಿಲ್ರಿ" ಎಂದು ಕೂಗಿದ. ಮರುಗಳಿಗೆಗೆ ನಾನು ಅವನ ಅಂಗಳದಲ್ಲಿದ್ದೆ. ಅವನ ಮುಖ ನೋಡಬೇಕಿತ್ತು ನೀವು.

ಇನ್ನೊಂದು ಪ್ರಶ್ನೆ. ಇದು ನನ್ನದಲ್ಲ, ಯಾರೋ ಒಬ್ಬರದು. ಅವರು ಕೆಸರಿನಿಂದ ಹೊರಗೆ ಬಂದ ಖುಷಿಯಲ್ಲಿ ಎಲ್ಲವನ್ನೂ ಹಾಗೇ ಬಿಟ್ಟು, ಹೈವೇ ಹಿಡಿದು ಮೋಟೆಬೆನ್ನೂರಿನವರೆಗೆ ಹೋದರಂತೆ, ರಾಣೆಬೆನ್ನೂರಿನ ಮೀಟಿಂಗಿಗೆ. ಸ್ಟೀಯರಿಂಗ್ ಕಲ್ಲಾಗಿ ಹೋಯಿತಂತೆ. ಆ ಎಡಗಡೆಯ ಲಿವರ್ ಎರಡೂ ಕೈಯಿಂದ ಜಗ್ಗಿದರೂ ಬರಲಿಲ್ಲವಂತೆ. ಪಾಪ, ಮೀಟಿಂಗು ತಪ್ಪಿತು. ಅಂಥವರು ಏನು ಮಾಡಬೇಕು?

ನಿಮ್ಮ ಕಾಗದದ ಸಾಲುಗಳು ಮಾತ್ರ ಒಂದರ ಮೇಲೊಂದು ಹತ್ತುತ್ತಿವೆ. ನಮ್ಮ ಚಕ್ಕಡಿ ದಾರಿಯೇ ಇದಕ್ಕಿಂತ ನೆಟ್ಟಗಿದೆ.

ನಲಿನಿ

ಪುಣೆ
22 ಆಗಸ್ಟ್ 1991

ಚಿ. ಸೌ. ನಲಿನಿಗೆ ಆಶೀರ್ವಾದ.

ಆ ಯಾರೋ ಒಬ್ಬರಿಗೆ ಹೇಳು: ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಒಂದೇ ಸಮ ಉರುಳುವುದಿಲ್ಲ. ಮಣ್ಣಿನಲ್ಲಾದರೆ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತವೆ. ಡಾಂಬರಿನ ಮೇಲೆ ಜಾರಲು ಆಗದೆ ಒಳಗೇ ಬಿಗಿದುಕೊಳ್ಳುತ್ತವೆ. ಲಿವರ್ ಜಗ್ಗಬಾರದು. ಗಾಡಿಯನ್ನು ನೆಟ್ಟಗೆ ಸ್ವಲ್ಪ ಹಿಂದಕ್ಕೆ ತಂದರೆ ಬಿಗಿ ಸಡಿಲಾಗಿ ತಾನೇ ಬರುತ್ತದೆ. ಆ ಯಾರೋ ಒಬ್ಬರು ನನ್ನ ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ.

ಈಗ ದೊಡ್ಡ ಪಾಠ. ನಾಲ್ಕೂ ಚಕ್ರ ಎಳೆಯುತ್ತವೆ ಎನ್ನುವುದು ಪೂರ್ತಿ ಖರೇ ಅಲ್ಲ. ಆಕ್ಸಲಿನ ಒಂದು ಚಕ್ರಕ್ಕೆ ಹಿಡಿತ ತಪ್ಪಿತೋ, ಬಲವೆಲ್ಲ ಆ ಕಡೆಗೇ ಹರಿದು ಅದು ಸುಮ್ಮನೆ ತಿರುಗುತ್ತದೆ. ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ಕೂಡುತ್ತದೆ. ನಮ್ಮ ಪಲ್ಟನ್ನಿನ ದೊಡ್ಡ ಲಾರಿಗಳಲ್ಲಿ ಇದಕ್ಕೆಂದೇ ಒಂದು ಲಾಕರ್ ಇತ್ತು. ಅದನ್ನು ಹಾಕಿದರೆ ಹಿಂದಿನ ಎರಡು ಚಕ್ರ ಜೋಡೆತ್ತಿನಂತೆ ಒಂದೇ ನೊಗಕ್ಕೆ ಬೀಳುತ್ತಿದ್ದವು. ಆದರೆ ನೆಟ್ಟಗೆ ಹೋಗುವಾಗ ಮಾತ್ರ. ತಿರುಗುವ ಮೊದಲು ಬಿಡಿಸದಿದ್ದರೆ ಲಾರಿ ಮಾತು ಕೇಳುತ್ತಿರಲಿಲ್ಲ, ಆಕ್ಸಲ್ ಮುರಿಯುತ್ತಿತ್ತು.

ನಮ್ಮ ಜೀಪಿಗೆ ಆ ಲಾಕರ್ ಇಲ್ಲ. ಅದರ ಬದಲು ಎಡಗಾಲಿದೆ. ಎಕ್ಸಿಲೇಟರ್ ಬಿಡದೆ, ಎಡಗಾಲಿನಿಂದ ಬ್ರೇಕನ್ನು ಹೂವಿನಷ್ಟು ಹಗುರಾಗಿ ಒತ್ತು. ತಿರುಗುವ ಚಕ್ರಕ್ಕೆ ತಡೆ ಬಿದ್ದು ಬಲ ಇನ್ನೊಂದಕ್ಕೆ ಹೋಗುತ್ತದೆ. ಕಿವಿ ತೆರೆದಿಡು. ಚಕ್ರ ಬರಿದೇ ತಿರುಗುವಾಗ ಇಂಜಿನ್ನಿನ ದನಿ ತೆಳ್ಳಗಾಗುತ್ತದೆ, ನೆಲ ಹಿಡಿದಾಗ ದಪ್ಪಗಾಗುತ್ತದೆ. ಆ ದನಿ ಬಂದರೆ ಬ್ರೇಕು ಬಿಡು.

ಸಾಲಿನ ವಿಷಯ: ಕುಸುಮಾಳ ಮನೆಯ ಮೇಜು ಕುಂಟುತ್ತದೆ. ನಿನ್ನ ಅಕ್ಷರ ಮಾತ್ರ ಡಾಕ್ಟರರ ಚೀಟಿಯಂತೆ, ಇರುವೆ ಹರಿದಂತೆ ಇರುತ್ತದೆ. ದಪ್ಪಗೆ, ದೊಡ್ಡದಾಗಿ ಬರೆ. ದಸರೆಗೆ ಬರಲು ಆಗಲಿಕ್ಕಿಲ್ಲ. ದೀಪಾವಳಿಗೆ ನೋಡೋಣ.

ರಘೋತ್ತಮ

ಹಾವೇರಿ
26 ಅಕ್ಟೋಬರ್ 1991

ಮಾವನವರಿಗೆ ನಮಸ್ಕಾರಗಳು.

ಅಂಗಡಿಯ ಬೋರ್ಡಿನಂತೆ ದೊಡ್ಡದಾಗಿ ಬರೆಯುತ್ತಿದ್ದೇನೆ, ಈಗಲಾದರೂ ಖುಷಿಯೇ? ನೀವಿಲ್ಲದೆ ದಸರೆ ಸಪ್ಪೆಯಾಯಿತು. ಖಂಡೆಪೂಜೆಗೆ ಜೀಪು ತೊಳೆದು ನಿಲ್ಲಿಸಿದೆ. ಪೂಜೆಯನ್ನು ನಿಮ್ಮ ಅಕ್ಕ, ನಮ್ಮ ಗೋದೂ ಅತ್ಯಾ, ತಾವೇ ಮಾಡಿದರು. ಇಷ್ಟು ವರ್ಷ ಅದನ್ನು ಮೂದೇವಿ ಗಾಡಿ ಎಂದವರು ಈ ಸಲ ಚೆಂಡುಹೂವಿನ ಮಾಲೆ ಹಾಕಿ, ಆರತಿ ಎತ್ತಿ, ದೃಷ್ಟಿಯನ್ನೂ ತೆಗೆದರು.

ಆ ದಿನದ ಒಂದು ಫೋಟೋ ಇದರೊಳಗೆ ಇಟ್ಟಿದ್ದೇನೆ. ಏನೆಂದು ಬರೆಯುವುದಿಲ್ಲ. ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತೀರಿ.

ಸ್ವಾತಿ ಮಳೆ ಬಿಡದೆ ಹೊಡೆಯುತ್ತಿದೆ. ಲಸಿಕೆ ಎಲ್ಲ ಕಡೆಗೂ ವೇಳೆಗೆ ಸರಿಯಾಗಿ ಮುಟ್ಟಿದೆ. ಜೀಪು ಆರಾಮ ಇದೆ. ಮತ್ತೇನೂ ವಿಶೇಷವಿಲ್ಲ. ದೀಪಾವಳಿಗೆ ಯಾವ ಗಾಡಿಗೆ ಬರುತ್ತೀರಿ, ತಿಳಿಸಿ. ನಿಮ್ಮ ಕೋಣೆ ಸುಣ್ಣ ಹಚ್ಚಿಸಿ ಇಟ್ಟಿದ್ದೇನೆ.

ನಲಿನಿ

ಪುಣೆ
9 ನವೆಂಬರ್ 1991

ಚಿ. ಸೌ. ನಲಿನಿಗೆ,

ಫೋಟೋ ಚೆನ್ನಾಗಿದೆ. ಸ್ಟೀಯರಿಂಗ್ ಹಿಡಿದು ಸಿಪಾಯಿಯಂತೆ ನೆಟ್ಟಗೆ ಕೂತಿದ್ದೀ. ಸಂತೋಷವಾಯಿತು.

ಗುರುರಾಜನಿಗೆ ಹೇಳು, ಜೀಪು ಮಾರಿಬಿಡಲಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಬಹಳ ದಿನದಿಂದ ಕೇಳುತ್ತಿದ್ದಾರೆ. ಅವರಿಗೇ ಕೊಡಲಿ. ನಾನೂ ನಿನ್ನ ಅತ್ತೆಯೂ ಇನ್ನು ಮೇಲೆ ಇಲ್ಲೇ ಇರುತ್ತೇವೆ. ಪುಣೆಯ ಹವೆ ನನಗೆ ಒಗ್ಗಿದೆ. ನನ್ನ ಕೋಣೆಯನ್ನು ನೀವು ಬಳಸಿಕೊಳ್ಳಿರಿ.

ರಘೋತ್ತಮ

ಹಾವೇರಿ
16 ನವೆಂಬರ್ 1991

ಮಾವನವರಿಗೆ,

ನಾನು ಮುಚ್ಚಿಟ್ಟದ್ದು ನಿಮಗೆ ಹೇಗೋ ತಿಳಿದಿದೆ. ಇವರೇ ಬರೆದಿರಬೇಕು. ಇರಲಿ, ಈಗ ನನ್ನ ಬಾಯಿಂದಲೂ ಕೇಳಿ.

ಹೌದು, ಖಂಡೆಪೂಜೆಯ ಮುಂದಿನ ವಾರ ಜೀಪು ಕರ್ಜಗಿಯ ದಾರಿಯಲ್ಲಿ ಹುಗಿದುಹೋಯಿತು. ನೀವು ಹೇಳಿದಂತೆ ಕೆಸರಿಗೆ ಇಳಿಯುವ ಮೊದಲೇ ನಿಲ್ಲಿಸಿ ಕೆಳಗಿಳಿದೆ. ಹಬ್ಬು ತಿರುಗಲಿಲ್ಲ. ಗೋದೂ ಅತ್ಯಾ ಕುಂಕುಮ, ಗಂಧ, ಎಣ್ಣೆ ಎಲ್ಲ ಕಲಸಿ ಆ ಬಿಲ್ಲೆಗಳ ಸಂದಿಯಲ್ಲಿ ಮೆತ್ತಿಬಿಟ್ಟಿದ್ದರು. ಒಣಗಿ ಗಾರೆಯಾಗಿತ್ತು. ಅವರ ತಪ್ಪಿಲ್ಲ. "ನೀ ಯಾವಾಗ್ಲೂ ಇಳದಿಳದು ಇದನ್ನs ಮುಟ್ತೀ. ಗಾಡಿ ಜೀವ ಇಲ್ಲೇ ಅದ ಅಂತ ಇಲ್ಲೇ ಹೆಚ್ಚು ಹಚ್ಚೀನಿ" ಎಂದರು ಆಮೇಲೆ. ನಿಮಗೆ ಬರೆಯಬೇಡ ಎಂದು ಕೈ ಹಿಡಿದು ಕೇಳಿಕೊಂಡರು.

ತಪ್ಪು ನನ್ನದು. ಬರ್ಫ ಕರಗುತ್ತದೆಂಬ ಅವಸರಕ್ಕೆ, ಲಿವರ್ ಒಂದೇ ಸಾಕೆಂದು ಒಳಗೆ ನುಗ್ಗಿದೆ. ನಡುವೆ ಕೂತುಬಿಟ್ಟಿತು. ಮಲ್ಲೇಶಪ್ಪನ ತಾಯಿ ಉಡಚವ್ವ ಚಿಮಣಿ ಎಣ್ಣೆಯ ಬಾಟಲಿ, ಕಳೆ ತೆಗೆಯುವ ಕುರ್ಪಿ ಹಿಡಿದು ಬಂದರು. ರಾಡಿಯಲ್ಲೇ ಕೂತು ಕೆರೆದರು. "ದೇವ್ರಿಗೆ ಕುಂಕುಮ ಹಚ್ರಿ, ಗಾಲಿಗೆ ಗ್ರೀಸ್ ಹಚ್ರಿ. ಅದ್ಲಿ ಬದ್ಲಿ ಮಾಡಬ್ಯಾಡ್ರಿ ಯವ್ವಾ" ಎಂದರು. ಎರಡೂ ಹಬ್ಬು ಕೂತವು. ಲೋ ಹಾಕಿದೆ, ಎಡಗಾಲು ಬ್ರೇಕಿನ ಮೇಲೆ ಇಟ್ಟೆ, ದನಿ ದಪ್ಪಗಾಯಿತು, ಹೊರಗೆ ಬಂದೆ. ಬರ್ಫ ಇನ್ನೂ ಇತ್ತು.

ಇಷ್ಟಕ್ಕೇ ನನ್ನ ಕೈಯಿಂದ ಗಾಡಿ ಕಿತ್ತುಕೊಳ್ಳುತ್ತೀರಾ? ಕಿತ್ತುಕೊಳ್ಳಿ. ಆದರೆ ಅದಕ್ಕಾಗಿ ಮನೆಯನ್ನೇ ಬಿಡುವುದೇ? ಸಕ್ಕರೆ ಕಡಿಮೆಯಾದರೆ ಕುಕ್ಕಿ ಹೇಳುವ ನೀವು, ಹವೆ ಒಗ್ಗಿದೆ ಎಂದು ಪರಕೀಯರಂತೆ ಬರೆದಿರಿ. ನನಗೆ ಬಹಳ ಕೆಟ್ಟೆನಿಸಿದೆ.

ನಲಿನಿ

ಹಾವೇರಿ
20 ನವೆಂಬರ್ 1991

ಮಾವನವರೇ,

ಹಿಂದಿನ ಕಾಗದ ಮುಟ್ಟಿದ್ದರೆ ಬದಿಗಿಡಿ. ಇದನ್ನು ಓದಿ. ಅದಕ್ಕಿಂತ ದೊಡ್ಡದಾಗಿ ಬರೆದಿದ್ದೇನೆ.

ನಿನ್ನೆ ಗೋದೂ ಅತ್ಯಾ ಹೂಬತ್ತಿ ಹೊಸೆಯುತ್ತ, "ಅಲ್ಲs ನಲಿನಿ, ನನ್ನ ಫೋಟೋ ನೋಡಿ ರಘು ಏನಂದ? ಎಷ್ಟು ನಕ್ಕಾನು!" ಎಂದು ಕೇಳಿದರು. ಓದಿ ಹೇಳೋಣವೆಂದು ನಿಮ್ಮ ಕಾಗದ ತೆಗೆದೆ. 'ಸಿಪಾಯಿಯಂತೆ ನೆಟ್ಟಗೆ ಕೂತಿದ್ದೀ' ಎಂಬಲ್ಲಿಗೆ ಬಂದು ಕಾಗದ ಮಡಚಿದೆ.

ಆ ಫೋಟೋದಲ್ಲಿ ಕೂತದ್ದು ನಾನಲ್ಲ. ನಿಮ್ಮ ಅಕ್ಕ. ತಲೆಯ ಮೇಲೆ ನಿಮ್ಮ ಪಲ್ಟನ್ನಿನ ಟೊಪ್ಪಿಗೆ, ಕೊರಳಲ್ಲಿ ಜೀಪಿನ ಚೆಂಡುಹೂವಿನ ಮಾಲೆ, ಬಾಯಲ್ಲಿ ಹಲ್ಲಿಲ್ಲ. ಅದನ್ನು ನೋಡಿದವರು ಯಾರೂ ನಾನೆಂದು ತಿಳಿಯಲಾರರು.

"ಬಹಳ ನಕ್ಕರಂತ" ಎಂದು ಅವರಿಗೆ ಸುಳ್ಳು ಹೇಳಿ ಒಳಗೆ ಹೋದೆ. ನಿಮ್ಮ ಕಾಗದಗಳನ್ನು ಮೊದಲಿನಿಂದ ಹರಡಿಕೊಂಡೆ. ಮೇಜು ಕುಂಟುತ್ತಿರಲಿಲ್ಲ. ನನ್ನ ಅಕ್ಷರ ಸಣ್ಣದೂ ಇರಲಿಲ್ಲ. ದಿನವೂ ಎಮ್ಮೆಗಳ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡುವವಳು ನಾನು, ಮನೆಯವರದ್ದು ತಿಳಿಯದೆ ಹೋಯಿತು. ಅತ್ತುಬಿಟ್ಟೆ. ಆಮೇಲೆ ನಿಮ್ಮ ಮೇಲೆ ಸಿಟ್ಟು ಬಂತು. ಇಳಿಯುವ ಮೊದಲೇ ಎರಡೂ ಕಡೆ ಲಾಕು ಮಾಡು ಎಂದು ನನಗೆ ಬರೆದವರು ನೀವು. ನೀವು ಮಾತ್ರ ಯಾರಿಗೂ ಹೇಳದೆ ಇಳಿದಿರಿ.

ಇವರಿಗೆ ಹೇಳಿದೆ. ಸಂಜೆ ಬ್ಯಾಡಗಿಯ ವ್ಯಾಪಾರಿ ಜೀಪು ನೋಡಲು ಬಂದರು. "ಗಾಡಿ ಕೊಡೂದಿಲ್ರಿ. ಅಪ್ಪಾ ಬರೋರಿದ್ದಾರ" ಎಂದರು ನಿಮ್ಮ ಮಗ. ಅಷ್ಟು ಜೋರಾದ ದನಿ ಅವರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಖರೇ ಹೇಳಿ. ಎಷ್ಟು ಕಾಣುತ್ತದೆ?

ನಲಿನಿ

ಪುಣೆ
5 ಡಿಸೆಂಬರ್ 1991

ಚಿ. ಸೌ. ನಲಿನಿಗೆ ಆಶೀರ್ವಾದ.

ಕುಂಕುಮದ ವಿಷಯ ನನಗೆ ಯಾರೂ ಬರೆದಿರಲಿಲ್ಲ. ನಿನ್ನ ಕಾಗದದಿಂದಲೇ ತಿಳಿಯಿತು. ಎಷ್ಟೋ ದಿನದ ಮೇಲೆ ಗಟ್ಟಿಯಾಗಿ ನಕ್ಕೆ. ಗಾಡಿ ಮಾರೆಂದದ್ದು ನಿನ್ನ ಮೇಲಿನ ಅಪನಂಬಿಕೆಯಿಂದ ಅಲ್ಲ. ನಾನು ಕಲಿಸಿದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಸಾದವಳು ನೀನೇ.

ಇಲ್ಲಿಯವರೆಗೆ ನಿನ್ನ ಕಾಗದಗಳನ್ನು ನಿನ್ನ ಅತ್ತೆಗೂ ಕೊಡದೆ, ಭೂತಗನ್ನಡಿ ಹಿಡಿದು ನಾನೇ ಓದುತ್ತಿದ್ದೆ. ಒಂದು ಕಾಗದಕ್ಕೆ ಒಂದು ಮಧ್ಯಾಹ್ನ ಬೇಕಾಗುತ್ತಿತ್ತು. ಫೋಟೋದಲ್ಲಿ ಸೀರೆ ಉಟ್ಟವರು ಯಾರೋ ಕೂತಂತೆ ತೋರಿತು, ನೀನೇ ಎಂದುಕೊಂಡೆ. ದೀಪಾವಳಿಯ ಮರುದಿನ ಡಾಕ್ಟರರು ಇನ್ನು ಇಲ್ಲಿಗೆ ಬರುವ ಕಾರಣವಿಲ್ಲ ಎಂದರು. ಗುಣವಾಯಿತೆಂದು ಹಾಗೆ ಹೇಳಲಿಲ್ಲ. ನೀನು ಕೇಳಿದ್ದಕ್ಕೆ ಇದಕ್ಕಿಂತ ಹೆಚ್ಚಿನ ಉತ್ತರ ಬರೆಯಲು ಕೈ ಬರುವುದಿಲ್ಲ.

ಹಾವೇರಿಯಲ್ಲಿ ಎಲ್ಲರೂ ನನ್ನನ್ನು ಗಾಡಿಯ ಮೇಲೆ ನೋಡಿದವರು. ಅದೇ ಓಣಿಯಲ್ಲಿ ಗೋಡೆ ಸವರಿಕೊಂಡು ಹೋಗುವುದನ್ನು ಅವರು ನೋಡಬಾರದು. ಇಲ್ಲಿ ನನಗೆ ಯಾರ ಗುರುತೂ ಇಲ್ಲ. ಅದೊಂದು ಸಮಾಧಾನ. ಕಲಿಸುವುದನ್ನು ಕಲಿಸಿ ಮುಗಿಸಿದ್ದೇನೆ, ಇನ್ನು ನಿಮಗೆ ನಾನು ಯಾವ ಕೆಲಸಕ್ಕೂ ಬರುವವನಲ್ಲ. ಜೀಪು ನೀನೇ ಇಟ್ಟುಕೋ. ನನ್ನನ್ನು ಕರೆಯಬೇಡ.

ರಘೋತ್ತಮ

ಹಾವೇರಿ
13 ಡಿಸೆಂಬರ್ 1991

ಮಾವನವರಿಗೆ ನಮಸ್ಕಾರಗಳು.

ಇದನ್ನು ಅತ್ತೆಯವರ ಕೈಯಲ್ಲಿ ಓದಿಸಿಕೊಳ್ಳಿ. ಅವರೂ ಕೇಳಲಿ.

ನನ್ನ ಪಕ್ಕದಲ್ಲಿ ಕೂತು ಇಂಜಿನ್ನಿನ ದನಿ ಕೇಳಿ ದಾರಿ ಹೇಳುವಿರಂತೆ, ಬನ್ನಿ ಎಂದು ಮೊದಲು ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಮಗುವಿಗೆ ಪೆಪ್ಪರಮೆಂಟು ತೋರಿಸಿ ಕರೆದಂತೆ ಕಂಡಿತು. ನೀವು ಕೆಲಸಕ್ಕೆ ಬರುತ್ತೀರೆಂದು ನಾನು ಕರೆಯುತ್ತಿಲ್ಲ. ನೀವು ಮನೆಯಲ್ಲಿಲ್ಲ, ಅದಕ್ಕೇ ಕರೆಯುತ್ತಿದ್ದೇನೆ. ಬಂದು ಏನೂ ಮಾಡಬೇಡಿ. ಕಟ್ಟೆಯ ಮೇಲೆ ಕೂತು ನನ್ನನ್ನು ಬೈಯಿರಿ.

ಓಣಿಯವರು ನೋಡುತ್ತಾರೆ, ಹೌದು. ಎರಡು ದಿನ ಅಯ್ಯೋ ಎನ್ನುತ್ತಾರೆ. ಆಮೇಲೆ ಅವರಿಗೆ ಅವರವರ ಹಲ್ಲುನೋವು, ಮಕ್ಕಳ ಪರೀಕ್ಷೆ, ಮೆಣಸಿನಕಾಯಿ ಧಾರಣೆ. ಗೋಡೆ ಸವರುವ ಕಾರಣವಿಲ್ಲ, ನನ್ನ ಭುಜವಿದೆ. ಅದೂ ಬೇಡವಾದರೆ ಗೋಡೆಯನ್ನೇ ಸವರಿ, ಅದು ನಿಮ್ಮದೇ ಗೋಡೆ.

ನಾನು ಹುಟ್ಟಿದ ಮನೆಯಲ್ಲಿ ಅಪ್ಪ ಎಂದು ಕರೆದ ನೆನಪೇ ನನಗಿಲ್ಲ. ಅಷ್ಟು ಚಿಕ್ಕವಳಿದ್ದಾಗ ಹೋದರು. ಈ ಮನೆಗೆ ಬಂದ ಮೇಲೆ ನನಗೆ ಕೈಗೆ ಹೊಡೆದು ಕಲಿಸುವವರು, ಸಕ್ಕರೆಗೆ ಜಗಳವಾಡುವವರು ಸಿಕ್ಕರು. ಅವರನ್ನು ಪುಣೆಯ ಹವೆಗೆ ಬಿಟ್ಟುಕೊಡಲು ನನಗೆ ಆಗುವುದಿಲ್ಲ. ಬಾಯಿಬಿಟ್ಟು ಹೇಳಿಬಿಟ್ಟೆ. ಬೇಡವೆಂದರೂ ಕರೆಯುತ್ತೇನೆ.

ನಿಮ್ಮ ಮಗಳು
ನಲಿನಿ

ಪುಣೆ
4 ಜನವರಿ 1992

ಚಿ. ಸೌ. ನಲಿನಿಗೆ ರಘೋತ್ತಮನ ಆಶೀರ್ವಾದ.

ಈ ಅಕ್ಷರ ನಿನ್ನ ಅತ್ತೆಯದು. ನಾನು ಹೇಳುತ್ತೇನೆ, ಭಾಗೀರಥಿ ಬರೆಯುತ್ತಾಳೆ. ನಿನ್ನ ಕಾಗದವನ್ನು ಓದಿದವಳೂ ಅವಳೇ. ಓದುತ್ತ ಎರಡು ಸಲ ನಿಂತಳು. ಯಾಕೆಂದು ಕೇಳಿದೆ, ಕನ್ನಡಕ ಒರೆಸಿಕೊಳ್ಳುತ್ತಿದ್ದೇನೆ ಎಂದಳು. ಮೂರನೆಯ ಸಲ ನಾನೇ ನಿಲ್ಲು ಎಂದೆ. ಕುಸುಮಾ ಒಳಗಿನಿಂದ ಬಂದು, "ಅಪ್ಪಾ, ನಾ ಕಳಸೂದಿಲ್ಲ ಅಂತೀನಿ ಅಂತ ತಿಳೀಬ್ಯಾಡ. ನೀ ಅಲ್ಲೇ ಇರಬೇಕು" ಎಂದಳು. ಹದಿನೈದು ದಿನ ಬಿಗುಮಾನ ಮಾಡಿದೆ. ಇನ್ನು ಆಗುವುದಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ಹಾವೇರಿ ಸ್ಟೇಷನ್ನಿಗೆ ಇಳಿಯುತ್ತೇವೆ. ಗುರುರಾಜ ಒಳಗೆ ಬಂದು ಸಾಮಾನು ಇಳಿಸಿಕೊಳ್ಳಲಿ. ನೀನು ಒಳಗೆ ಬರಬೇಡ. ನನ್ನನ್ನು ಕೈ ಹಿಡಿದು ಇಳಿಸುವುದನ್ನು ಕಂಡು ನೀನು ಅಳುತ್ತೀ, ನೀನು ಅತ್ತರೆ ನಾನೂ ಅಳುತ್ತೇನೆ. ಹೊರಗಿನ ಬಯಲಿನಲ್ಲಿ ಜೀಪು ನಿಲ್ಲಿಸಿಕೊಂಡು ಕೂತಿರು.

ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಬರೆಯಲಾರೆನೆಂದು ನಿನ್ನ ಅತ್ತೆ ಪೆನ್ನು ಕೆಳಗಿಟ್ಟಿದ್ದಳು, ಬರೆ ಎಂದೆ. ನನಗೆ ಈಗ ಏನೂ ಕಾಣುವುದಿಲ್ಲ, ನಲಿನಿ. ಹಗಲೋ ಇರುಳೋ, ಅಷ್ಟೇ ತಿಳಿಯುತ್ತದೆ.

ಗೇಟಿನವರೆಗೆ ಗುರುರಾಜ ತಂದು ಬಿಡಲಿ. ಅಲ್ಲಿಂದ ನನ್ನ ಕೈ ಯಾರೂ ಹಿಡಿಯುವುದು ಬೇಡ. ಯಾರು ಬೇಕಾದರೂ ನಿಂತು ನೋಡಲಿ. ನೀನು ಹಾರ್ನ್ ಹೊಡೆಯುತ್ತಿರು, ನಾನು ಆ ಕಡೆಗೆ ನಡೆದು ಬರುತ್ತೇನೆ.

ರಘೋತ್ತಮ